ಕಾಟಾದ ತೂಕ ಈಥರ್ನೆಟ್ ಮ್ಯಾಲ ಎರಡು ಪಿಸಿಗೆ ಬರವಲ್ದು

ಕಾಟಾ_ಮುಧೋಳ:
ಬೆಲ್ಲದ ಗಾಣದ ಮುಂದ ವೇಬ್ರಿಜ್ (ಗಾಡಿ ತೂಗೋ ಕಾಟಾ) ಐತ್ರಿ. ಇಂಡಿಕೇಟರ್‌ಗೆ (ತೂಕ ತೋರಸೋ ಡಬ್ಬಿಗೆ) ಇರೋದು ಆರ್‌ಎಸ್-232 ಅನ್ನೋ ಸೀರಿಯಲ್ ಪೋರ್ಟ್ ಒಂದ. ಕಾಟಾ ರೂಮಿನ್ಯಾಗ ಒಂದು ಪಿಸಿ, 80 ಮೀಟರ್ ದೂರದ ಆಫೀಸಿನ್ಯಾಗ ಇನ್ನೊಂದು. ಎರಡಕ್ಕೂ ತೂಕ ಬರಲಿ ಅಂತ ಆ ಪೋರ್ಟಿನ ಡೇಟಾ ನೆಟ್ ಕೇಬಲ್‌ಗೆ ಕಳಸೋ ಸೀರಿಯಲ್-ಈಥರ್ನೆಟ್ ಕನ್ವರ್ಟರ್ ಹಾಕೇವಿ. ಲಿಂಕ್ ಲೈಟ್ ಹತ್ತೈತಿ, ಪಿಂಗ್ (ಸಾಧನ ಉತ್ತರ ಕೊಡತೈತೋ ಇಲ್ಲೋ ನೋಡೋ ಪರೀಕ್ಷೆ) ಹೋಗವಲ್ದು. ಕನ್ವರ್ಟರ್ ಲೇಬಲ್ ಮ್ಯಾಲ 192.168.0.7 ಅಂತೈತಿ, ನಮ್ಮ ರೌಟರ್ 192.168.1.1. ಇನ್ನೊಂದು ತ್ರಾಸು: ಗಾಣದ ಮೋಟರ್ ಚಾಲೂ ಆದಾಗೆಲ್ಲ ಆಫೀಸಿನ ನೆಟ್ ಹೋಗಿ ಬರ್ತೈತಿ.

ಉದ್ಯಮಬಾಗ್_ಪ್ಯಾನಲ್:
ಲಿಂಕ್ ಲೈಟ್ ಹತ್ತೈತಿ ಅಂದ್ರ ತಂತಿ ಕೂಡೈತಿ, ಅಷ್ಟ. ಮಾಸ್ಕ್ (ಯಾವ ವಿಳಾಸ ಒಂದ ನೆಟ್‌ವರ್ಕಿನವು ಅಂತ ಹೇಳೋ ಸಂಖ್ಯೆ) 255.255.255.0 ಇದ್ದಾಗ ಐಪಿಯ, ಅಂದ್ರ ನೆಟ್‌ವರ್ಕ್ ವಿಳಾಸದ, ಮೊದಲ ಮೂರು ಭಾಗ ಒಂದ ಇರಬೇಕು. ನಿಮ್ಮ ಪಿಸಿ 192.168.1ರಾಗ, ಕನ್ವರ್ಟರ್ 192.168.0ರಾಗ. ಪಿಸಿ ಅದನ್ನ ಹೊರಗಿನ ನೆಟ್‌ವರ್ಕ್ ಅಂತ ತಿಳಿದು ಪ್ಯಾಕೆಟ್ ರೌಟರ್‌ಗೆ ಕಳಸತೈತಿ, ರೌಟರ್‌ಗೆ ಆ ದಾರಿ ಗೊತ್ತಿಲ್ಲ.

ಸದ್ಯಕ್ಕ ಒಂದು ಪಿಸಿಗೆ 192.168.0.10 ಕೊಡ್ರಿ, ಮಾಸ್ಕ್ ಅದ, ಗೇಟ್‌ವೇ (ರೌಟರ್ ವಿಳಾಸ) ಖಾಲಿ. ವೈಫೈ ಬಂದ್ ಮಾಡ್ರಿ. ಬ್ರೌಸರ್‌ನ್ಯಾಗ 192.168.0.7 ಹೊಡೆದ್ರ ಸೆಟ್ಟಿಂಗ್ ಪುಟ ತೆರೀತೈತಿ. ಅಲ್ಲಿ ಸ್ಟ್ಯಾಟಿಕ್ (ಬದಲಾಗದ) ಐಪಿ 192.168.1.200, ಗೇಟ್‌ವೇ 192.168.1.1, ಮೋಡ್ ಟಿಸಿಪಿ ಸರ್ವರ್ (ಪಿಸಿಗಳು ತಾವ ಬಂದು ಕೂಡೋ ರೀತಿ) ಹಾಕಿ ಸೇವ್ ಮಾಡಿ ರೀಸ್ಟಾರ್ಟ್ ಮಾಡ್ರಿ. ಪಿಸಿ ಐಪಿ ಮೊದಲಿನಂಗ ಮಾಡ್ರಿ. ರೌಟರ್‌ನ ಡಿಎಚ್‌ಸಿಪಿ (ತಾನ ಐಪಿ ಹಂಚೋ ವ್ಯವಸ್ಥೆ) 199ಕ್ಕ ನಿಲ್ಲೋಹಂಗ ಇರಲಿ, ಇಲ್ಲಂದ್ರ ಅದ 200 ಯಾರದರ ಮೊಬೈಲ್‌ಗೆ ಸಿಕ್ಕು ನಡುವ ಕಾಟಾ ಬಂದ್ ಬೀಳತೈತಿ.

ಇಂಡಿಕೇಟರ್ ಸೀಲ್ ಮಾತ್ರ ಮುಟ್ಟಬ್ಯಾಡ್ರಿ, ಅದು ಕಾನೂನು ಮಾಪನಶಾಸ್ತ್ರ ಇಲಾಖೆದು. ಪೋರ್ಟ್ ಹೊರಗ ಇರ್ತೈತಿ, ಬಿಚ್ಚೋ ಕೆಲಸ ಇಲ್ಲ.

ಕಾಟಾ_ಮುಧೋಳ:
ಪಿಂಗ್ ಹೊಂಟೈತ್ರಿ. ಪುಟ್ಟಿ ಸಾಫ್ಟ್‌ವೇರ್‌ನ್ಯಾಗ ರಾ ಮೋಡ್ (ಬಂದ ಡೇಟಾ ಇದ್ದಂಗ ತೋರಸೋದು) ಇಟ್ಟು ನೋಡಿದ್ರ 0, 3, 5, 6, 9 ಸರಿ ಬರ್ತಾವ, ಉಳಿದ ಅಂಕಿ ಜಾಗಾದಾಗ ಏನೇನೋ ಚಿಹ್ನೆ. ಎರಡನೇ ಪಿಸಿ ಕನೆಕ್ಟ್ ಆಗವಲ್ದು.

ಉದ್ಯಮಬಾಗ್_ಪ್ಯಾನಲ್:
ಬಾಡ್ ರೇಟ್ (ಡೇಟಾ ಕಳಸೋ ವೇಗ) ಸರಿ ಐತಿ, ತಪ್ಪಿದ್ರ ಎಲ್ಲಾ ಅಂಕಿ ಕೆಡ್ತಿದ್ವು. ಇಂಡಿಕೇಟರ್ 7 ಬಿಟ್, ಈವನ್ ಪ್ಯಾರಿಟಿ (1ರ ಬಿಟ್ಟುಗಳ ಎಣಿಕೆ ಸಮ ಮಾಡೋ ಹೆಚ್ಚಿನ ಬಿಟ್) ಕಳಸಾಕತ್ತೈತಿ; ಕನ್ವರ್ಟರ್ 8 ಬಿಟ್, ಪ್ಯಾರಿಟಿ ಇಲ್ಲ ಅಂತ ಓದಾಕತ್ತೈತಿ. 1, 2, 4, 7, 8ರ ಆಸ್ಕಿ ಕೋಡಿನ್ಯಾಗ (ಪ್ರತಿ ಅಕ್ಷರಕ್ಕ ಕೊಟ್ಟ ಸಂಖ್ಯೆಯಾಗ) 1ರ ಬಿಟ್ಟುಗಳು ಬೆಸ ಸಂಖ್ಯೆ. ಸಮ ಮಾಡಾಕ ಪ್ಯಾರಿಟಿ ಬಿಟ್ 1 ಆಗತೈತಿ, ಅದನ್ನ ಕನ್ವರ್ಟರ್ ಅಕ್ಷರದ ಎಂಟನೇ ಬಿಟ್ ಅಂತ ತಗೋತೈತಿ. ಸೀರಿಯಲ್ ಸೆಟ್ಟಿಂಗ್ 7-ಈ-1 (7 ಬಿಟ್, ಈವನ್ ಪ್ಯಾರಿಟಿ, 1 ಸ್ಟಾಪ್ ಬಿಟ್) ಮಾಡ್ರಿ.

ಎರಡನೇ ಪಿಸಿಗೆ: ಟಿಸಿಪಿ ಸರ್ವರ್ ಪುಟದಾಗ ಗರಿಷ್ಠ ಕನೆಕ್ಷನ್ 1 ಇರಬೇಕು ನೋಡ್ರಿ, 2 ಅಥವಾ 4 ಮಾಡ್ರಿ. ಕೀಪ್-ಅಲೈವ್ (ಕನೆಕ್ಷನ್ ಜೀವಂತ ಐತೋ ಇಲ್ಲೋ ಆಗಾಗ ನೋಡೋದು) ಆನ್ ಇರಲಿ. ಇಲ್ಲಂದ್ರ ಕರೆಂಟ್ ಹೋಗಿ ಬಂದ ಪಿಸಿಯ ಹಳೇ ಕನೆಕ್ಷನ್ ಜಾಗಾ ಹಿಡಕೊಂಡ ಕೂಡತೈತಿ. ಬಿಲ್ಲಿಂಗ್ ಸಾಫ್ಟ್‌ವೇರ್ ಕಾಮ್ ಪೋರ್ಟ್ (ಪಿಸಿಯ ಸೀರಿಯಲ್ ಪೋರ್ಟ್) ಒಂದ ಕೇಳ್ತೈತಿ ಅಂದ್ರ ಎರಡೂ ಪಿಸಿಗೆ ವರ್ಚುವಲ್ ಕಾಮ್ (ನೆಟ್ ಕನೆಕ್ಷನ್ನ ಕಾಮ್ ಪೋರ್ಟಿನಂಗ ತೋರಸೋ ಸಾಫ್ಟ್‌ವೇರ್) ಹಾಕ್ರಿ.

ಒಂದು ಪರೀಕ್ಷೆ ಮಾಡಲೇಬೇಕು. ಕಬ್ಬಿನ ಟ್ರ್ಯಾಕ್ಟರ್ ಕಾಟಾ ಮ್ಯಾಲ ನಿಂತಾಗ ನೆಟ್ ಕೇಬಲ್ ಕೀಳ್ರಿ. ಪರದೆ ಮ್ಯಾಲ ತೂಕ ಖಾಲಿ ಆಗಬೇಕು. ಹಳೇ ತೂಕ ಹಂಗ ನಿಂತ್ರ ಆ ಸಾಫ್ಟ್‌ವೇರ್ ಸರಿ ಆಗೋತನಕ ಚೀಟಿ ಹೊಡೀಬ್ಯಾಡ್ರಿ. ಹಿಂದಿನ ಗಾಡಿಯ ತೂಕ ಮುಂದಿನ ರೈತನ ಚೀಟಿಗೆ ಬಿತ್ತಂದ್ರ ಅವನ ವರ್ಷದ ದುಡಿಮಿಗೆ ಪೆಟ್ಟು.

ಫೈಬರ್_ವಿಜಯಪುರ:
ಮೋಟರ್ ಚಾಲೂ ಆದಾಗ ನೆಟ್‌ವರ್ಕ್ ಸ್ವಿಚ್ (ನೆಟ್ ಕೇಬಲ್ ಎಲ್ಲಾ ಕೂಡೋ ಡಬ್ಬಿ) ನೋಡ್ರಿ. ಎಲ್ಲಾ ಲೈಟೂ ಒಮ್ಮೆಲೆ ಆರಿದ್ರ ವೋಲ್ಟೇಜ್ ಕುಸಿದು ಸ್ವಿಚ್ ರೀಸ್ಟಾರ್ಟ್ ಆಗಾಕತ್ತೈತಿ. ಯುಪಿಎಸ್ ಮ್ಯಾಲ ಹಾಕ್ರಿ, ಮುಗೀತು. ಆಫೀಸಿನ ಪೋರ್ಟ್ ಒಂದ ಆರಿದ್ರ ದೋಷ ಆ ಕೇಬಲ್‌ದು. ಒಳತಂತಿ ಬ್ಲೇಡಿಲೆ ಕೆರೀರಿ: ಒಳಗ ಬೆಳ್ಳಗ ಕಂಡ್ರ ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ, ಹಂತಾ ಕೇಬಲ್ 80 ಮೀಟರ್‌ಗೆ ಬ್ಯಾಡ.

ಎರಡು ಕಟ್ಟಡ, ಬೇರೆ ಬೇರೆ ಅರ್ಥಿಂಗ್ ಇದ್ದಲ್ಲಿ ಶುದ್ಧ ತಾಮ್ರನೂ ನಾ ಹಾಕಂಗಿಲ್ಲ, ಮಳಿಗಾಲದ ಸಿಡಿಲಿಗೆ ಎರಡೂ ಕಡೆ ಪೋರ್ಟ್ ಸುಡ್ತಾವ. ಸಿಂಗಲ್ ಮೋಡ್ ಫೈಬರ್ ಎಳೆದು ಎರಡು ಮೀಡಿಯಾ ಕನ್ವರ್ಟರ್ (ನೆಟ್ ಕೇಬಲ್ ಡೇಟಾ ಫೈಬರ್‌ನ ಬೆಳಕಿಗೆ ಬದಲಾಯಿಸೋ ಡಬ್ಬಿ) ಹಾಕ್ರಿ. ಒಂದ ಎಳಿ ಫೈಬರ್‌ದು ತಗೊಂಡ್ರ ಒಂದು ಕಡೆ ಎ, ಇನ್ನೊಂದು ಕಡೆ ಬಿ ಇರಬೇಕು: ಒಂದು 1310 ನ್ಯಾನೋಮೀಟರ್‌ನ್ಯಾಗ ಕಳಸಿದ್ರ ಇನ್ನೊಂದು 1550ರಾಗ. ಎರಡೂ ಎ ತಂದ್ರ ಲಿಂಕ್ ಬರಂಗಿಲ್ಲ.

ಕಾಟಾ_ಮುಧೋಳ:
7-ಈ-1 ಮಾಡಿದಮ್ಯಾಲ ಎರಡೂ ಪಿಸಿಗೆ ತೂಕ ಸರಿ ಬರಾಕತ್ತೈತ್ರಿ. ಆರೋದು ಆಫೀಸಿನ ಪೋರ್ಟ್ ಒಂದ. ಫೈಬರ್ ಮೋಟರ್ ಕೇಬಲ್ ಇರೋ ಪೈಪಿನ್ಯಾಗ ಎಳೀಬಹುದೇನ್ರಿ?

ಫೈಬರ್_ವಿಜಯಪುರ:
ಮೋಟರ್‌ನ ವಿದ್ಯುತ್ ಗದ್ದಲ ಫೈಬರ್‌ಗೆ ತಟ್ಟಂಗಿಲ್ಲ, ಆದ್ರೂ ಬೇರೆ ಪೈಪ್ ಹಾಕ್ರಿ, ಮುಂದ ಮೋಟರ್ ಕೇಬಲ್ ಎಳೆಯುವಾಗ ಫೈಬರ್ ಮುರೀತೈತಿ. ಉಕ್ಕಿನ ಕವಚ, ಉಕ್ಕಿನ ತಂತಿ ಇಲ್ಲದ ಫೈಬರ್ ತಗೋರಿ. ಲೋಹ ಇದ್ರ ಸಿಡಿಲಿನ ದಾರಿ ಮತ್ತ ಹಂಗ ಉಳೀತೈತಿ.