ಪುನರ್ವಸು ಮಳೆಗೆ ಅಜ್ಜನ ಮನೆ: ಕೂಸು ಕಟ್ಟಿಕೊಂಡು ಮಲೆನಾಡಿಗೆ ಬರುವವರಿಗೆ

ಹೊರದೇಶದಲ್ಲಿ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ಜೂನ್‌ನಿಂದ ಆಗಸ್ಟ್ ನಡುವೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮಳೆ ಹಿಡಿದು ಕೂರುವುದೂ ಅದೇ ಹೊತ್ತಿಗೆ. ಪುನರ್ವಸು, ಪುಷ್ಯ ಎರಡೂ ಸರಿಯಾಗಿ ಹೊಡೆದರೆ ವಾರಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ಲಸಿಕೆ ಯಾವುದು, ನೀರು ಯಾವುದು ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಬಂದವರು ಮೂರನೇ ದಿನಕ್ಕೆ ಸೋಲುವುದು ಒಣಗದ ಚಡ್ಡಿಗೆ. ನೆಂಟರ ಮನೆ ಶಿವಮೊಗ್ಗ ಪೇಟೆಯಲ್ಲೇ ಇದ್ದರೆ ಇಷ್ಟು ಪಡಿಪಾಟಲಿಲ್ಲ. ಪೇಟೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸಾವಿರ ಮಿ.ಮೀ. ಆಸುಪಾಸು, ಅಲ್ಲಿಂದ ನೂರು ಕಿ.ಮೀ.ಯೂ ಇಲ್ಲದ ಆಗುಂಬೆಯಲ್ಲಿ ಅದು ಏಳು ಸಾವಿರ ದಾಟುತ್ತದೆ. ಆದ್ದರಿಂದ 'ಶಿವಮೊಗ್ಗಕ್ಕೆ ಹೋಗ್ತಿದ್ದೀವಿ, ಏನೇನು ತರಬೇಕು' ಎನ್ನುವವರು ಮನೆ ಜಿಲ್ಲೆಯ ಯಾವ ಭಾಗದಲ್ಲಿದೆ ಎಂದು ಮೊದಲು ನೋಡಿಕೊಳ್ಳಬೇಕು.

ಬಟ್ಟೆಯ ವಿಷಯ ಮೊದಲು. ಜೀನ್ಸ್, ಟೋಪಿಯಿರುವ ದಪ್ಪ ಹುಡಿ, ದಪ್ಪ ಟವೆಲ್ಲು, ಒಳಗೆ ಹತ್ತಿ ತುಂಬಿದ ಮಲಗುವ ಚೀಲ ಇವೆಲ್ಲ ಅಲ್ಲೇ ಬಿಟ್ಟು ಬನ್ನಿ. ಒಮ್ಮೆ ಒದ್ದೆಯಾದರೆ ನಾಲ್ಕು ದಿನ ಒಣಗುವುದಿಲ್ಲ. ತೆಳು ಬನಿಯನ್ನು, ತೆಳು ಚಡ್ಡಿ, ಬೇಗ ಒಣಗುವ ಉದ್ದ ತೋಳಿನ ಅಂಗಿ, ಮಗುವಿಗೆ ಎಂಟು ಹತ್ತು ಜೊತೆ ಸಾಕು. ಚಳಿಗೆ ಒಂದು ಉಣ್ಣೆ ಸ್ವೆಟರು. ವಾಷಿಂಗ್ ಮೆಷಿನ್ ಇದ್ದರೆ ಹಿಂಡುವ ಸುತ್ತನ್ನು ಇನ್ನೊಂದು ಸಲ ಓಡಿಸಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಆಮೇಲೆ ರಾತ್ರಿಯಿಡೀ ಫ್ಯಾನಿನ ಕೆಳಗೆ, ಬೆಳಿಗ್ಗೆ ಬಚ್ಚಲ ಒಲೆಯ ಮೇಲಿನ ಗಳದಲ್ಲಿ, ಕೊನೆಗೆ ಇಸ್ತ್ರಿ. ಈ ಕ್ರಮ ತಿರುಗಿಸಬಾರದು. ಹಸಿ ಬಟ್ಟೆಯನ್ನು ನೇರ ಒಲೆ ಮೇಲೆ ಹಾಕಿದರೆ ಹೊಗೆ ಕುಡಿದು ಹಳದಿಯಾಗುತ್ತದೆ, ಆ ವಾಸನೆ ವಿಮಾನ ಹತ್ತಿದರೂ ಬಿಡುವುದಿಲ್ಲ. ಗಳ ಬೆಂಕಿಯಿಂದ ನಾಲ್ಕೈದು ಅಡಿಯಾದರೂ ಮೇಲಿರಲಿ. ಪಾಲಿಯೆಸ್ಟರ್ ಬಟ್ಟೆಗೆ ಕಿಡಿ ಹಾರಿದರೆ ಕರಗಿ ತೂತಾಗುತ್ತದೆ.

ಹಳೆ ಮನೆಗಳಲ್ಲಿ ಬಾಣಂತಿಗೂ ಕೂಸಿಗೂ ಬೆಚ್ಚಗಿರಲಿ ಎಂದು ಕೋಣೆಯೊಳಗೆ ಅಗ್ಗಿಷ್ಟಿಕೆ ಇಡುವ ರೂಢಿ ಇದೆ. ಹೆಂಚಿನ ಮನೆಯಲ್ಲಿ, ಸಂದಿಗೊಂದಿಯಲ್ಲಿ ಗಾಳಿ ಆಡುವಾಗ ಅದು ನಡೆಯುತ್ತಿತ್ತು. ಈಗ ಅದೇ ಮನೆಗೆ ತಾರಸಿ ಹಾಕಿ, ಕಿಟಕಿಗೆ ಗಾಜು ಕೂರಿಸಿ ಬಿಗಿ ಮಾಡಿದ್ದಾರೆ. ಅಂಥ ಕೋಣೆಯಲ್ಲಿ ಕೆಂಡ ಇಟ್ಟು ಬಾಗಿಲು ಹಾಕಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಹೊಗೆಯೂ ಕಾಣುವುದಿಲ್ಲ. ಅಜ್ಜಿಗೆ ಬೇಸರವಾದರೂ ಸರಿ, ಮಲಗುವ ಕೋಣೆಗೆ ಕೆಂಡ ಬೇಡ.

ಡೈಪರಿನ ಲೆಕ್ಕ ಹೀಗಿದೆ. ದಿನಕ್ಕೆ ಐದಾರು ಎಂದರೆ ತಿಂಗಳಿಗೆ 150ರಿಂದ 180. ಪೇಟೆಯಲ್ಲಿ ಸಿಗುತ್ತದೆ, ಆ ಚಿಂತೆ ಬೇಡ. ಬಳಸಿದ್ದನ್ನು ಏನು ಮಾಡುವುದು ಎಂಬುದೇ ತೊಂದರೆ. ಒಂಟಿ ಮನೆಗಳ ಬಾಗಿಲಿಗೆ ಕಸದ ಗಾಡಿ ಬರುವುದಿಲ್ಲ. ನೀರು ಕುಡಿದ ಜೆಲ್ ಒಲೆಯಲ್ಲಿ ಉರಿಯುವುದಿಲ್ಲ, ಗೊಬ್ಬರದ ಗುಂಡಿಯಲ್ಲಿ ಕೊಳೆಯುವುದೂ ಇಲ್ಲ. ರಾತ್ರಿಗೆ, ಪ್ರಯಾಣಕ್ಕೆ ಮಾತ್ರ ಡೈಪರ್ ಇಟ್ಟುಕೊಂಡು, ಸುತ್ತಿ ಮುಚ್ಚಳದ ಡಬ್ಬಿಯಲ್ಲಿ ಕೂಡಿಟ್ಟು, ಪೇಟೆಗೆ ಹೋಗುವಾಗ ಒಯ್ದು ಕಸದ ಗಾಡಿಗೆ ಕೊಡುವುದು ಸದ್ಯಕ್ಕಿರುವ ದಾರಿ. ಹಗಲು ಹಳೆ ಪಂಚೆಯ ಒಂಟಿ ಪದರದ ಬಟ್ಟೆ ಮಡಿಸಿ ಕಟ್ಟಿ. ಬಿಡಿಸಿ ಹರವಿದರೆ ಒಂದೇ ರಾತ್ರಿಗೆ ಒಣಗುತ್ತದೆ. ಹೊರದೇಶದಿಂದ ತರುವ ದಪ್ಪ ಹೊಲಿಗೆಯ ಬಟ್ಟೆ ಡೈಪರ್ ಎಷ್ಟೇ ದುಬಾರಿಯದಾದರೂ ಇಲ್ಲಿ ಎರಡು ಮೂರು ದಿನ ತೊಟ್ಟಿಕ್ಕುತ್ತಲೇ ಇರುತ್ತದೆ. ತೊಡೆಸಂದಿಯಲ್ಲಿ ಕೆಂಪಾಗಿ, ಸುತ್ತ ಸಣ್ಣ ಸಣ್ಣ ಕೆಂಪು ಚುಕ್ಕೆ ಎದ್ದರೆ ಅದು ಬರೀ ಉಜ್ಜಿದ ಗಾಯವಲ್ಲ, ಶಿಲೀಂಧ್ರ. ಪೌಡರ್ ಹಾಕಿದರೆ ಹೋಗುವುದಿಲ್ಲ. ವೈದ್ಯರು ಹೇಳುವ ಶಿಲೀಂಧ್ರದ ಮುಲಾಮು ಬೇಕು, ಜೊತೆಗೆ ದಿನಕ್ಕೆ ಎರಡು ಮೂರು ಗಂಟೆ ಬರೀ ಮೈ.

ಬಚ್ಚಲ ಹಂಡೆಯ ನೀರಿಗೆ ಥರ್ಮೋಸ್ಟಾಟ್ ಇಲ್ಲ. ಒಲೆ ಚೆನ್ನಾಗಿ ಉರಿದರೆ ನೀರು ಮರಳುತ್ತಲೇ ಇರುತ್ತದೆ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಕೈಯಿಂದ ಕದಡಿ ಮೊಣಕೈ ಅದ್ದಿ ನೋಡಿ, ಆಮೇಲೆ ಮಗುವನ್ನು ಬಚ್ಚಲಿಗೆ ಕರೆಯಬೇಕು. ಮೊದಲು ಬಿಸಿನೀರು ತುಂಬಿ ತಣ್ಣೀರು ತರಲು ತಿರುಗುವ ಆ ಅರ್ಧ ನಿಮಿಷದಲ್ಲೇ ಸುಟ್ಟುಕೊಳ್ಳುವುದು.

ತೋಟದ ಮನೆಗೆ ಬರುವವರು ಯಾರೂ ಕೇಳದ ಒಂದು ವಿಷಯವಿದೆ: ಬೋರ್ಡೋ. ಕೊಳೆರೋಗ ಬಾರದಂತೆ ಅಡಿಕೆಗೆ ಮುಂಗಾರಿನ ಆರಂಭಕ್ಕೆ ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ ಔಷಧಿ ಹೊಡೆಯುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನಿಮ್ಮ ರಜೆಯೂ ಅದೇ ಹೊತ್ತು. ಮೈಲುತುತ್ತದ ಹರಳು ಹೊಳೆಯುವ ನೀಲಿ. ಎರಡು ವರ್ಷದ ಮಗುವಿನ ಕಣ್ಣಿಗೆ ಕಲ್ಲುಸಕ್ಕರೆ. ನುಂಗಿದರೆ ವಾಂತಿ, ಹೊಟ್ಟೆಯೊಳಗೆ ಸುಟ್ಟ ಗಾಯ, ಮುಂದೆ ಪಿತ್ತಜನಕಾಂಗ (ಲಿವರ್), ಮೂತ್ರಪಿಂಡಕ್ಕೂ ಪೆಟ್ಟು. ಸುಣ್ಣ ಕಣ್ಣಿಗೆ ಸಿಡಿದರೆ ಉಜ್ಜದೆ, ರೆಪ್ಪೆ ಬಿಡಿಸಿ ಕನಿಷ್ಠ ಇಪ್ಪತ್ತು ನಿಮಿಷ ಶುದ್ಧ ನೀರು ಹರಿಸಿ, ಆಮೇಲೆ ಆಸ್ಪತ್ರೆ. ಬಂದ ದಿನವೇ ಕೊಟ್ಟಿಗೆಯ ಮೂಲೆ, ಜಗಲಿಯ ಕೆಳಗೆ, ಪಂಪಿನ ಶೆಡ್ಡು ಒಮ್ಮೆ ಸುತ್ತಿ, ಚೀಲ ಡ್ರಮ್ಮುಗಳಿಗೆ ಬೀಗ ಬೀಳುವಂತೆ ಮಾಡಿ. ಹೊಡೆಯುವ ದಿನ ಮಕ್ಕಳು ಮನೆಯೊಳಗೆ, ಅಂಗಳದ ತಂತಿಯಲ್ಲಿ ಬಟ್ಟೆ ಇರಬಾರದು. ಕಳೆನಾಶಕವನ್ನು ಕುಡಿಯುವ ನೀರಿನ ಹಳೆ ಬಾಟಲಿಯಲ್ಲಿ ಸುರಿದಿಡುವ ಕೆಟ್ಟ ಅಭ್ಯಾಸ ನಮ್ಮ ಕಡೆ ಇನ್ನೂ ಹೋಗಿಲ್ಲ. ಅಂಥ ಬಾಟಲಿ ಕಂಡರೆ ಸಂಕೋಚ ಬಿಟ್ಟು ಕೇಳಿ ತೆಗೆಸಿ.

ಇನ್ನು ಬಾವಿ. ಬೇಸಿಗೆಯಲ್ಲಿ ಮೂವತ್ತು ಅಡಿ ಕೆಳಗಿದ್ದ ನೀರು ಜುಲೈಯಲ್ಲಿ ಕೈಗೆ ಎಟುಕುವಂತೆ ಬಂದಿರುತ್ತದೆ. ಕಟ್ಟೆ ಮೂರಡಿಗಿಂತ ಕಡಿಮೆ ಇದ್ದರೆ ಮೇಲೆ ಕಬ್ಬಿಣದ ಬಲೆ ಹಾಕಿಸಿ. ತೋಟದ ಕಾದಿಗೆಗಳು (ನೀರು ಹೋಗುವ ಕಾಲುವೆಗಳು) ತುಂಬಿ ಹರಿಯುತ್ತವೆ. ಒಂದಡಿ ನೀರಾದರೂ ಮಗುವಿಗೆ ಅಪಾಯವೇ. ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಬೇಕು, ಇಲ್ಲವೇ ಓಡಾಡುವ ಜಾಗಕ್ಕೆ ಅಡಿಕೆ ಸೋಗೆ ಹಾಸಬೇಕು.

ಇಂಬಳಕ್ಕೆ (ಜಿಗಣೆಗೆ) ಹೆದರುವವರೇ ಹೆಚ್ಚು, ಆದರೆ ಈ ಪಟ್ಟಿಯಲ್ಲಿ ತೀರ ನಿರುಪದ್ರವಿ ಅದೇ. ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು ದೊಡ್ಡವರ ಕಾಲಿಗೆ ಇರಲಿ, ಮಗುವಿನ ಚರ್ಮಕ್ಕೆ ಬೇಡ. ಇಂಬಳದ ಸಣ್ಣ ತುದಿ ಬಾಯಿ. ಅದರ ಪಕ್ಕಕ್ಕೆ ಉಗುರು ಒತ್ತಿ ಅಡ್ಡಕ್ಕೆ ಸರಿಸಿದರೆ ಬಿಡುತ್ತದೆ, ಆಮೇಲೆ ದಪ್ಪ ತುದಿಯನ್ನೂ ಹಾಗೇ ಬಿಡಿಸಿ. ಬೆಂಕಿಯೋ ಉಪ್ಪೋ ತಾಗಿಸಿದರೆ ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಕ್ಕೆ ಕಕ್ಕಬಹುದು. ರಕ್ತ ಹೆಪ್ಪುಗಟ್ಟದಂತೆ ಅದು ಬಿಡುವ ಹಿರುಡಿನ್‌ನಿಂದಾಗಿ ಗಾಯ ಬಹಳ ಹೊತ್ತು ಒಸರುತ್ತದೆ. ಸೋಪು ಹಾಕಿ ತೊಳೆದು, ಹದಿನೈದು ನಿಮಿಷ ಬಟ್ಟೆ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ಮೂಗು ಕಣ್ಣಿನ ಒಳಗೆ ಹೊಕ್ಕರೆ ಮಾತ್ರ ಆಸ್ಪತ್ರೆ.

ಮಂಗನ ಕಾಯಿಲೆಯ ಹೆದರಿಕೆ ಬೇರೆ ಕಾಲದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಅದು ಹರಡುವುದು ಉಣುಗಿನಿಂದ (ರಕ್ತ ಹೀರುವ ಉಣ್ಣೆ ಹುಳದಿಂದ), ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ. ಕ್ರಿಸ್ಮಸ್ ರಜೆಗೆ ಬರುವವರು ಮಕ್ಕಳನ್ನು ಕಾಡಿನಂಚಿಗೆ, ತರಗು ಗುಡಿಸುವ ಜಾಗಕ್ಕೆ ಬಿಡಬಾರದು. ಮಂಗ ಸತ್ತ ಸುದ್ದಿ ಇದ್ದರೆ ಆರೋಗ್ಯ ಕೇಂದ್ರದವರನ್ನು ಕೇಳಿ. ಮಳೆಗಾಲದ ಶತ್ರು ಸೊಳ್ಳೆ. ಡೆಂಗಿಯ ಸೊಳ್ಳೆ ಹಗಲು ಕಚ್ಚುವಂಥದ್ದು, ಹಾಗಾಗಿ ಮಧ್ಯಾಹ್ನದ ನಿದ್ದೆಗೂ ಪರದೆ ಬೇಕು. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ಹಳೆ ಟೈರು ಎಲ್ಲದರಲ್ಲೂ ನೀರು ನಿಂತು ಮರಿಯಾಗುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳೆಂಟು ದಿನ ಬೇಕಾದ್ದರಿಂದ ವಾರಕ್ಕೊಮ್ಮೆ ಮಗುಚಿ ಹಾಕಿದರೆ ಸಾಕು. ಹಾಸಿಗೆಯ ಕೆಳಗೆ ಸಿಕ್ಕಿಸಿದ ಪರದೆ ನೆಲದಲ್ಲಿ ಹರಿದು ಬರುವ ಕಟ್ಟುಹಾವನ್ನೂ ದೂರ ಇಡುತ್ತದೆ.

ಜ್ವರ ಬಂದಾಗ ಆಗುವ ದೊಡ್ಡ ಎಡವಟ್ಟು ಔಷಧಿಯ ಅಳತೆಯದು. ಪ್ಯಾರಸಿಟಮಾಲ್ ಒಂದೇ, ಬಾಟಲಿಯ ಸಾಂದ್ರತೆ ಬೇರೆ. ಅಮೆರಿಕದ ಸಿರಪ್ಪಿನಲ್ಲಿ 5 ಮಿಲಿಗೆ 160 ಮಿ.ಗ್ರಾಂ, ಇಲ್ಲಿ ಸಿಗುವುದರಲ್ಲಿ ಒಂದಕ್ಕೆ 5 ಮಿಲಿಗೆ 120, ಇನ್ನೊಂದಕ್ಕೆ 250, ಹನಿ ಔಷಧಿಯಲ್ಲಿ ಒಂದೇ ಮಿಲಿಗೆ 100. ಮಗುವಿಗೆ ಬೇಕಾದ್ದು ಕಿಲೋ ತೂಕಕ್ಕೆ 10ರಿಂದ 15 ಮಿ.ಗ್ರಾಂ, ನಾಲ್ಕರಿಂದ ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರದಂತೆ. ಹತ್ತು ಕಿಲೋ ಕೂಸಿಗೆ ಇದು ಅಮೆರಿಕದ ಬಾಟಲಿಯಲ್ಲಿ 4 ಮಿಲಿ, ಇಲ್ಲಿನ 120ರದ್ದರಲ್ಲಿ 5, 250ರದ್ದರಲ್ಲಿ 2.5, ಹನಿಯಲ್ಲಿ 1.2 ಮಿಲಿ. 'ಅಲ್ಲಿ ಒಂದು ಚಮಚ ಹಾಕ್ತಿದ್ವಿ' ಎಂದು ಹನಿ ಔಷಧಿಯನ್ನು 5 ಮಿಲಿ ಕುಡಿಸಿದರೆ 500 ಮಿ.ಗ್ರಾಂ ಹೋಯಿತು. ಬಾಟಲಿಯ ಮೇಲೆ ಮಗುವಿನ ತೂಕ, ಮಿಲಿ ಎರಡನ್ನೂ ಪೆನ್ನಿನಲ್ಲಿ ಬರೆದು ಅಂಟಿಸಿ. ರಾತ್ರಿ ಎರಡು ಗಂಟೆಗೆ ಕರೆಂಟಿಲ್ಲದಾಗ ಕುಡಿಸುವವರು ಅಜ್ಜಿಯೂ ಇರಬಹುದು. ಡೆಂಗಿ ಅಲ್ಲ ಎಂದು ಗೊತ್ತಾಗುವವರೆಗೆ ಐಬುಪ್ರೊಫೆನ್ ಕೊಡಬಾರದು, ರಕ್ತಸ್ರಾವ ಹೆಚ್ಚುತ್ತದೆ. ಜ್ವರ ಇಳಿದ ಮೇಲೆ ಹೊಟ್ಟೆನೋವು, ಬಿಡದ ವಾಂತಿ, ತಣ್ಣಗಾದ ಕೈಕಾಲು, ಆರು ಗಂಟೆ ಮೂತ್ರ ಇಲ್ಲದಿರುವುದು ಕಂಡರೆ 108ಕ್ಕೆ ಕರೆ ಮಾಡಿ ಹೊರಡಿ. ಡೆಂಗಿಯ ಅಪಾಯ ಶುರುವಾಗುವುದೇ ಜ್ವರ ಬಿಟ್ಟಾಗ. ತಾಲ್ಲೂಕು ಆಸ್ಪತ್ರೆಯಲ್ಲಿ ಆಗದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸುತ್ತಾರೆ. ತೀರ್ಥಹಳ್ಳಿಯಿಂದ ಅದು ಅರವತ್ತು ಕಿ.ಮೀ., ಸಾಗರದಿಂದ ಎಪ್ಪತ್ತರ ಮೇಲೆ.

ಕುಡಿಯುವ ನೀರು ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿದರೆ ಆಯಿತು. ಯು.ವಿ. ಫಿಲ್ಟರನ್ನು ಕುರುಡಾಗಿ ನಂಬಬೇಡಿ. ಮಳೆಗೆ ಬಾವಿ ನೀರು ಕದಡಿದಾಗ ಬೆಳಕು ಮಣ್ಣಿನ ಕಣ ದಾಟಿ ಹೋಗುವುದಿಲ್ಲ. ಭೇದಿಗೆ ಒಂದು ಲೀಟರಿನ ಓ.ಆರ್.ಎಸ್. ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಕಲಸಬೇಕು. ಲೋಟಕ್ಕೆ ಅಂದಾಜಿನಲ್ಲಿ ಉದುರಿಸಿದರೆ ಉಪ್ಪು ಹೆಚ್ಚಾಗಿ ಮಗು ಇನ್ನೂ ಬಳಲುತ್ತದೆ. ಎರಡು ವರ್ಷದೊಳಗಿನವರಿಗೆ ಪ್ರತಿ ಭೇದಿಗೂ 50ರಿಂದ 100 ಮಿಲಿ, ಚಮಚದಲ್ಲಿ. 24 ಗಂಟೆ ದಾಟಿದ್ದನ್ನು ಚೆಲ್ಲಿ. ಗಂಜಿ ನಿಲ್ಲಿಸಬೇಡಿ. ಊಟದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ಹೆಸರುಬೇಳೆ ಹಾಕಿದ ಗಂಜಿ, ತುಪ್ಪ, ರಾಗಿ ಮಣ್ಣಿ, ಬಿಸಿ ಕಡುಬು ತಿನ್ನುವ ಮಗುವಿಗೆ ಸೂಟ್‌ಕೇಸಿನಲ್ಲಿ ಹೊತ್ತು ತಂದ ಪ್ಯಾಕೆಟ್ಟು ಬೇಡ. ಕಳಲೆ, ಕಾಡಿನ ಅಣಬೆ, ಸರಿಯಾಗಿ ಹುಳಿ ಹಿಡಿಯದ ಪತ್ರೊಡೆ ದೊಡ್ಡವರಿಗೇ ಇರಲಿ. ನೆಲದಲ್ಲಿ ಬಿದ್ದ ಅಡಿಕೆ ಚೂರು, ಹಲಸಿನ ಬೀಜ ಗಂಟಲಿಗೆ ಸಿಕ್ಕುವ ಅಳತೆಯವೇ.

ಅಜ್ಜಿಮದ್ದಿನಲ್ಲಿ ಎರಡಕ್ಕೆ ಮಾತ್ರ ಗಟ್ಟಿಯಾಗಿ ಬೇಡ ಅನ್ನಿ: ವರ್ಷ ತುಂಬದ ಕೂಸಿನ ನಾಲಿಗೆಗೆ ಜೇನು (ಬಾಟ್ಯುಲಿಸಂ ವಿಷದ ಬೀಜಕಣ ಇರಬಹುದು), ಎರಡು ವರ್ಷದೊಳಗಿನವರ ಎದೆಗೆ ಕರ್ಪೂರ ಕಾಯಿಸಿದ ಎಣ್ಣೆ (ಫಿಟ್ಸ್ ಬರಿಸಬಹುದು). ಎಣ್ಣೆಸ್ನಾನ, ಓಮದ ನೀರು, ಬೆಚ್ಚನೆ ಕಂಬಳಿ ಇವಕ್ಕೆಲ್ಲ ತಕರಾರು ತೆಗೆದರೆ ಆ ಎರಡರ ಮಾತಿಗೆ ಬೆಲೆ ಉಳಿಯುವುದಿಲ್ಲ.

ಲಸಿಕೆಗೆ ಹೊರಡುವ ಆರು ವಾರ ಮೊದಲು ಅಲ್ಲಿನ ವೈದ್ಯರನ್ನು ಕಾಣಿ. ಆರರಿಂದ ಹನ್ನೊಂದು ತಿಂಗಳ ಕೂಸಿಗೆ ಪ್ರಯಾಣದ ಲೆಕ್ಕದಲ್ಲಿ ದಡಾರದ್ದು ಮುಂಚಿತವಾಗಿ ಕೊಡುತ್ತಾರೆ. ಎರಡು ವರ್ಷದೊಳಗಿನವರಿಗೆ ಅಮೆರಿಕದಲ್ಲಿ ಟೈಫಾಯ್ಡ್ ಚುಚ್ಚುಮದ್ದು ಇಲ್ಲ, ಭಾರತದಲ್ಲಿ ಆರು ತಿಂಗಳ ಮೇಲಿನವರಿಗೇ ಇದೆ. ಆದರೆ ಬಂದು ಹಾಕಿಸಿದರೆ ಕೆಲಸ ಶುರುವಾಗಲು ಎರಡು ವಾರ ಹಿಡಿಯುತ್ತದೆ.

ನಿದ್ದೆಯ ಲೆಕ್ಕ ತಿರುವುಮುರುವಾಗಿ, ಮೊದಲ ವಾರ ಮಕ್ಕಳು ರಾತ್ರಿ ಎರಡಕ್ಕೆ ಎದ್ದು ಕೂರುತ್ತಾರೆ. ದೇಹದ ಗಡಿಯಾರ ತಿರುಗುವುದು ಬೆಳಗಿನ ಬೆಳಕಿಗೆ. ಮೋಡ ಕವಿದ ಊರಲ್ಲಿ ಅದು ನಿಧಾನ, ಆದ್ದರಿಂದ ಮಳೆಯಿದ್ದರೂ ಬೆಳಿಗ್ಗೆ ಒಂದು ಗಂಟೆ ಜಗಲಿಯಲ್ಲೇ ಇರಿಸಿ. ಆಡಲು ಜೊತೆ ಸಿಗುತ್ತದೆ ಎಂದು ಬಂದವರಿಗೆ ಇನ್ನೊಂದು ನಿರಾಸೆ: ಇಲ್ಲಿನ ಶಾಲೆಗಳು ಜೂನ್ ಹೊತ್ತಿಗೆ ಶುರುವಾಗಿರುತ್ತವೆ, ಅಕ್ಕಪಕ್ಕದ ಮಕ್ಕಳು ಸಿಗುವುದು ಸಂಜೆಯೇ. ಮಳೆಗೆ ರಜೆ ಘೋಷಣೆಯಾದ ದಿನ ಕೇರಿಯ ಮಕ್ಕಳೆಲ್ಲ ನಿಮ್ಮ ಜಗಲಿಯಲ್ಲಿರುತ್ತಾರೆ. ಕನ್ನಡ ಬಾಯಿಗೆ ಬರುವುದು ಆ ದಿನಗಳಲ್ಲೇ, ಅಪ್ಪ ಅಮ್ಮ ನಡುವೆ ಬಾಯಿ ಹಾಕದಿದ್ದರೆ.

ಕಾರ್ ಸೀಟು ತರಲೇಬೇಕು. ಬಾಡಿಗೆ ಕಾರುಗಳ ಹಿಂದಿನ ಸೀಟಿನಲ್ಲಿ ಬೆಲ್ಟಿನ ಕೊಂಡಿ ಸೀಟ್‌ಕವರಿನ ಕೆಳಗೆ ಹೂತಿರುತ್ತದೆ. ಬುಕ್ ಮಾಡುವಾಗಲೇ ಕವರ್ ಬಿಚ್ಚಿಡಲು ಹೇಳಿ. ಅಮೆರಿಕದ ಕಾರುಗಳಂತೆ ಪೂರ್ತಿ ಎಳೆದು ಬಿಟ್ಟರೆ ಬೆಲ್ಟು ಲಾಕ್ ಆಗುವ ವ್ಯವಸ್ಥೆ ಇಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಹಾಗಾಗಿ ಸೀಟಿನ ಜೊತೆ ಬರುವ ಲಾಕಿಂಗ್ ಕ್ಲಿಪ್ಪನ್ನು ಮರೆಯದೆ ತನ್ನಿ. ಕೂರಿಸಿ ಅಲ್ಲಾಡಿಸಿದರೆ ಒಂದು ಇಂಚಿಗಿಂತ ಹೆಚ್ಚು ಸರಿಯಬಾರದು. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಲ್ಲಿ 2023ರಿಂದ ವಿಮಾನ ಇಳಿಯುತ್ತಿದೆ, ಆದರೆ ಮೋಡ ಕೆಳಗಿಳಿದ ದಿನ ಅದನ್ನೇ ನೆಚ್ಚಿಕೊಂಡು ಬೆಂಗಳೂರಿನ ಅಂತಾರಾಷ್ಟ್ರೀಯ ವಿಮಾನಕ್ಕೆ ಜೋಡಿಸಬೇಡಿ. ಮರ ಬಿದ್ದರೆ ಹಳ್ಳಿಯ ರಸ್ತೆ ಅರ್ಧ ದಿನ ಬಂದ್. ವಾಪಸ್ ಹೋಗುವಾಗ ಎರಡು ದಿನ ಮೊದಲೇ ಶಿವಮೊಗ್ಗಕ್ಕೆ ಇಳಿದು, ಒಣಗದೆ ಉಳಿದ ಬಟ್ಟೆಯನ್ನು ಪೇಟೆಯ ಡ್ರೈಯರ್ ಇರುವ ಲಾಂಡ್ರಿಗೆ ಕೊಟ್ಟು, ಮಾರನೇ ದಿನ ರೈಲು ಹತ್ತಿ. ಬೆಂಗಳೂರಿಗೆ ಸುಮಾರು ಐದು ಗಂಟೆ, ಮಕ್ಕಳಿಗೆ ಓಡಾಡಲು ಜಾಗವೂ ಇರುತ್ತದೆ.