ಕ್ಯಾಂಪಸ್‌ನಲ್ಲಿ ವಿಡಂಬನೆಯ ಹಾಡು-ನಾಟಕ: ಮಾಡಿದವರ ಅನುಭವ ಬೇಕು

ನಮಸ್ಕಾರ ಎಲ್ಲರಿಗೂ. ನಾನು ಎಂ.ಎ. ಎರಡನೇ ವರ್ಷದ ವಿದ್ಯಾರ್ಥಿನಿ. ಈ ಸಲದ ವಾರ್ಷಿಕೋತ್ಸವಕ್ಕೆ ನಮ್ಮ ಪಿ.ಜಿ. ವಿಭಾಗಗಳೆಲ್ಲ ಸೇರಿ ಒಂದೂಕಾಲು ಗಂಟೆಯ ಹಾಡಿನ ನಾಟಕ ಆಡಬೇಕು ಅಂದುಕೊಂಡಿದ್ದೇವೆ. ವಸ್ತು ನಮ್ಮ ಕ್ಯಾಂಪಸ್ಸೇ. ತಡವಾಗಿ ಬರುವ ರಿಸಲ್ಟ್, ಮರುಮೌಲ್ಯಮಾಪನ, ಹಾಸ್ಟೆಲ್ ಮೆಸ್, ಸ್ಕಾಲರ್‌ಶಿಪ್ ಅರ್ಜಿ, ಎಲ್ಲ ಅದರಲ್ಲಿ ಬರಬೇಕು. ಬರೆಯೋದು, ಹಾಡೋದು, ಬಾರಿಸೋದು ಎಲ್ಲ ವಿದ್ಯಾರ್ಥಿಗಳೇ. ಸುಮಾರು ಮೂವತ್ತು ಜನ ಹೆಸರು ಕೊಟ್ಟಿದ್ದಾರೆ. ಯುವಜನೋತ್ಸವಕ್ಕೆ ಹತ್ತು ನಿಮಿಷದ ಸ್ಕಿಟ್ ಮಾಡಿದ್ದು ಬಿಟ್ಟರೆ ಇಷ್ಟು ದೊಡ್ಡದು ಯಾರಿಗೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು? ಅನುಮತಿ, ಹಾಡು, ತಾಲೀಮು, ಯಾವುದರ ಬಗ್ಗೆ ಅನುಭವ ಇದ್ದರೂ ಹೇಳಿ.

ನಾಟಕ ಬರೆದು ಆಡಿಸಿದವರು, ಧಾರವಾಡ

ಹತ್ತು ನಿಮಿಷದ ಏಳೆಂಟು ಸ್ಕಿಟ್ ಜೋಡಿಸಿದರೆ ಒಂದೂಕಾಲು ಗಂಟೆ ಆಗುತ್ತೆ ಅಂತ ದಯವಿಟ್ಟು ಹೊರಡಬೇಡಿ. ಮೂರನೇ ಸ್ಕಿಟ್ಟಿಗೆ ಜನ ಫೋನ್ ತೆಗೀತಾರೆ. ಒಂದೇ ಒಂದು ಎಳೆ ಬೇಕು, ಅದು ಚಿಕ್ಕದಾಗಿದ್ದಷ್ಟೂ ಒಳ್ಳೇದು. ನಾವು ತೆಗೆದುಕೊಂಡಿದ್ದು ಇಷ್ಟೇ: ಒಬ್ಬ ಹುಡುಗನ ಅಂಕಪಟ್ಟಿಯಲ್ಲಿ ಹೆಸರಿನ ಒಂದು ಅಕ್ಷರ ತಪ್ಪಾಗಿದೆ, ಅದನ್ನು ತಿದ್ದಿಸಬೇಕು. ಅವನು ಹೋಗುವ ಒಂದೊಂದು ಕಿಟಕಿಯೂ ಒಂದೊಂದು ದೃಶ್ಯ, ಒಂದೊಂದು ಹಾಡು. ನೀವು ಹೇಳಿದ ರಿಸಲ್ಟು, ಮೆಸ್ಸು, ಸ್ಕಾಲರ್‌ಶಿಪ್ಪು ಎಲ್ಲ ಆ ದಾರಿಯಲ್ಲೇ ಸಿಗುತ್ತವೆ. ಹುಡುಕಿಕೊಂಡು ಹೋಗಬೇಕಾಗಿಲ್ಲ.

ಹಾಡನ್ನು ಮೊದಲು ಬರೆಯಿರಿ, ನಡುವಿನ ಮಾತು ಆಮೇಲೆ. ಮಟ್ಟಿಗೆ, ಅಂದರೆ ಹಾಡಿನ ಧಾಟಿಗೆ, ದೂರ ಹೋಗಬೇಡಿ. ಗೀಗೀ ಪದ, ಲಾವಣಿ, ಕೋಲಾಟದ ಪದ, ಸೋಬಾನೆ, ತತ್ವಪದ, ನಿಮ್ಮ ಮೂವತ್ತು ಜನರಲ್ಲಿ ಇವು ಬರುವವರು ಖಂಡಿತ ಇದ್ದಾರೆ. ಊರಲ್ಲಿ ಹಾಡಿದ್ದನ್ನು ಕ್ಯಾಂಪಸ್‌ನಲ್ಲಿ ಹೇಳಿಕೊಂಡಿರೋದಿಲ್ಲ ಅಷ್ಟೇ. ಕೇಳಿ ನೋಡಿ. ಹರದೇಶಿ-ನಾಗೇಶಿ ಮೇಳದಲ್ಲಿ ಒಂದು ಕಡೆಯವರು ಗಂಡು ಹೆಚ್ಚು ಅಂತ, ಇನ್ನೊಂದು ಕಡೆಯವರು ಹೆಣ್ಣು ಹೆಚ್ಚು ಅಂತ ಸವಾಲು-ಜವಾಬು ಹಾಡ್ತಾರಲ್ಲ, ಅದೇ ಕಟ್ಟನ್ನು ನಾವು ಆಫೀಸು ಮತ್ತು ವಿದ್ಯಾರ್ಥಿ ಅಂತ ಮಾಡಿಕೊಂಡೆವು. ಆಫೀಸಿನವರ ಕಡೆಗೂ ಗಟ್ಟಿ ಜವಾಬು ಕೊಡಲೇಬೇಕು. ಎರಡು ವರ್ಷದಿಂದ ಖಾಲಿ ಇರುವ ಹುದ್ದೆ, ಒಬ್ಬನೇ ಗುಮಾಸ್ತ, ಮೂರು ಜನರ ಕೆಲಸ. ಆ ಪದ ಹಾಡಿದಾಗ ಸಭೆಯಲ್ಲಿದ್ದ ಆಫೀಸ್ ಸಿಬ್ಬಂದಿಯೇ ಮೊದಲು ಚಪ್ಪಾಳೆ ಹೊಡೆದರು. ಒಂದೇ ಕಡೆಯವರನ್ನು ಬೈಯುತ್ತಾ ಹೋದರೆ ಅದು ದೂರಿನ ಪಟ್ಟಿ ಆಗುತ್ತೆ, ನಾಟಕ ಆಗೋದಿಲ್ಲ.

ಒಂದು ಪದ ಹೇಗೆ ತಿದ್ದಿದೆವು ಅಂತ ತೋರಿಸ್ತೀನಿ. ಮೊದಲು ಬರೆದದ್ದು:

ಬೀಗ ಹಾಕಿದ ಬಾಗಿಲ ಮುಂದೆ ಬಂದು ನಿಂತೆನಣ್ಣಾ
ಕೆಳಗಿನ ಕಿಟಕಿಯವರು ಹೇಳಿದ್ದ ಕೇಳಿ ಮಹಡಿ ಹತ್ತಿ

ಯಾರೂ ನಗಲಿಲ್ಲ. ಬೀಗ ಮೊದಲೇ ಕಂಡುಬಿಟ್ಟಿತ್ತು. ಆಮೇಲೆ ಹೀಗಾಯಿತು:

ಆ ಕಿಟಕಿ ಕೇಳಿದರೆ ಈ ಕಿಟಕಿ ಅಂದರು
ಈ ಕಿಟಕಿ ಕೇಳಿದರೆ ಮೇಲ್ಮಹಡಿ ಅಂದರು
ಮೆಟ್ಟಿಲ ಹತ್ತಿ ಹೋಗಿ ನೋಡಿದರೆ ಅಣ್ಣಾ
ಬಾಗಿಲಿಗೆ… ಬೀಗ!

‘ಬಾಗಿಲಿಗೆ’ ಆದ ಮೇಲೆ ದಪ್ಪಿನ ಬಡಿತ ನಿಲ್ಲುತ್ತೆ. ಹಾಡುವವನು ಸಭೆಯನ್ನು ನೋಡ್ತಾನೆ. ‘ಬೀಗ’ ಅನ್ನುವಾಗ ಒಂದೇ ಪೆಟ್ಟು. ತಕ್ಷಣ ಮೇಳದವರು ‘ಗೀಯ ಗೀ’ ಎತ್ತಿಕೊಳ್ಳುತ್ತಾರೆ. ನಗು ಬರುವ ಪದ ಸಾಲಿನ ಕಟ್ಟಕಡೆಗೆ ಬರಬೇಕು, ಅದರ ಮೇಲೆ ಯಾವ ವಾದ್ಯವೂ ಬೀಳಬಾರದು. ಪದ ಕೇಳಿಸದಿದ್ದರೆ ವಿಡಂಬನೆಯೇ ಇಲ್ಲ. ನಾನು ಹೇಳೋ ಬೇರೆಲ್ಲ ಮರೆತರೂ ಇದನ್ನು ಮರೀಬೇಡಿ.

ಹಾರ್ಮೋನಿಯಂ ನುಡಿಸಿದವನು, ಮೈಸೂರು

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಪದ ಕೇಳಿಸದೇ ಇರೋದಕ್ಕೆ ಮುಖ್ಯ ಕಾರಣ ವಾದ್ಯ ಅಲ್ಲ, ಶ್ರುತಿ. ಕಲಿಯದ ಗಂಟಲುಗಳಿಗೆ ಸಿನಿಮಾ ಹಾಡಿನ ಮೂಲ ಶ್ರುತಿ ಕೊಟ್ಟರೆ ಮೇಲಿನ ಸ್ಥಾಯಿಗೆ ಹೋದ ಕೂಡಲೇ ಎಲ್ಲರೂ ಕಿರುಚ್ತಾರೆ, ಅಕ್ಷರ ಕರಗಿಹೋಗುತ್ತೆ. ಮೊದಲ ವಾರ ಹಾಡು ಕಲಿಸಬೇಡಿ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಎಲ್ಲಿಂದ ಎಲ್ಲಿವರೆಗೆ ಆರಾಮಾಗಿ ಹಾಡ್ತಾರೆ ನೋಡಿ, ಬರೆದಿಡಿ.

ಹುಡುಗ ಹುಡುಗಿಯರು ಒಟ್ಟಿಗೆ ಹಾಡುವ ಕಡೆ ತೊಂದರೆ ಬಂದೇ ಬರುತ್ತೆ. ನಮ್ಮ ದಾರಿ ಇದು: ಹುಡುಗರಿಗೆ ಕರಿ ಒಂದು, ಅಂದರೆ ಹಾರ್ಮೋನಿಯಂನ ಮೊದಲ ಕರಿ ಮನೆಯೇ ಅವರ ಷಡ್ಜ (ಸ). ಅದರ ಮಧ್ಯಮ (ಮ) ಕರಿ ಮೂರು, ಅದನ್ನೇ ಹುಡುಗಿಯರ ಷಡ್ಜ ಮಾಡಿಕೊಳ್ಳಿ. ಚರಣ ಅವರು, ಪಲ್ಲವಿ ಇವರು ಅಂತ ಹಂಚಿದರೆ ಇಬ್ಬರಿಗೂ ಗಂಟಲು ಉಳಿಯುತ್ತೆ, ಶ್ರುತಿ ಬದಲಾದದ್ದು ಕಿವಿಗೂ ಹೊಡೆಯೋದಿಲ್ಲ.

ಮೇಳ ದೊಡ್ಡದಾದಷ್ಟೂ ಚೆಂದ ಅಂತ ಮೂವತ್ತೂ ಜನರನ್ನು ಹಾಡಿಸಬೇಡಿ. ಆರೇಳು ಜನ ಒಂದೇ ಉಸಿರಿನಲ್ಲಿ, ಒಂದೇ ಕಡೆ ಅಕ್ಷರ ಒತ್ತಿ ಹಾಡಿದರೆ ಸಾಕು. ಉಳಿದವರಿಗೆ ಪಲ್ಲವಿ ಮಾತ್ರ. ಮೊದಲೇ ರೆಕಾರ್ಡ್ ಆದ ಟ್ರ್ಯಾಕ್ ಹಾಕಿಕೊಂಡು ಹಾಡೋಣ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಸಭೆ ನಕ್ಕಾಗ ಹಾರ್ಮೋನಿಯಂ ಕಾಯುತ್ತೆ, ಢೋಲಕ್ಕಿ ಕಾಯುತ್ತೆ. ಟ್ರ್ಯಾಕ್ ಕಾಯೋದಿಲ್ಲ, ಮುಂದಿನ ಎರಡು ಸಾಲು ನಗುವಿನಲ್ಲೇ ಮುಳುಗಿಹೋಗುತ್ತವೆ.

ಕಾನೂನು ಓದುತ್ತಿರುವವರು, ಬೆಂಗಳೂರು

ಸಿನಿಮಾ ಹಾಡಿನ ಮಟ್ಟಿಗೆ ಪದ ಕಟ್ಟುವ ಯೋಚನೆ ಇದ್ದರೆ ಇದನ್ನು ಓದಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಒಂದು ವಿನಾಯಿತಿ ಇದೆ. ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಅಲ್ಲಿನ ಸಿಬ್ಬಂದಿ, ವಿದ್ಯಾರ್ಥಿಗಳೇ ನಾಟಕ ಅಥವಾ ಸಂಗೀತ ಪ್ರದರ್ಶಿಸಿ, ನೋಡುವವರೂ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಮತ್ತು ಸಂಸ್ಥೆಗೆ ಸಂಬಂಧಪಟ್ಟವರೇ ಆಗಿದ್ದರೆ ಅದು ಉಲ್ಲಂಘನೆ ಅಲ್ಲ. ಊರವರಿಗೆಲ್ಲ ಟಿಕೆಟ್ ಮಾರಿದರೆ ಅಥವಾ ವಿಡಿಯೋ ಯೂಟ್ಯೂಬ್‌ಗೆ ಹಾಕಿದರೆ ಆ ರಕ್ಷಣೆಯಿಂದ ಹೊರಗೆ ಬಂದ ಹಾಗೆ. ಪದ ನಿಮ್ಮದೇ ಆದರೂ ಮಟ್ಟು ಬೇರೆಯವರದ್ದು, ಯೂಟ್ಯೂಬ್‌ನಲ್ಲಿ ಹಕ್ಕುಸ್ವಾಮ್ಯದ ಕ್ಲೇಮ್ ಬರಬಹುದು. ಸಾಂಪ್ರದಾಯಿಕ ಜನಪದ ಮಟ್ಟಿಗೆ ಈ ತಲೆನೋವಿಲ್ಲ. ಆದರೆ ಯಾರೋ ವಾದ್ಯ ಸೇರಿಸಿ ರೆಕಾರ್ಡ್ ಮಾಡಿದ್ದನ್ನೇ ಎತ್ತಿಕೊಳ್ಳಬೇಡಿ.

ಎರಡನೇದು ಮಾನಹಾನಿ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಹೆಸರು ಹೇಳದಿದ್ದರೂ ಇವರೇ ಅಂತ ಎಲ್ಲರಿಗೂ ಗೊತ್ತಾಗುವ ಹಾಗೆ ತೋರಿಸಿ, ಲಂಚ ತಿಂದರು ಅಂತಲೋ ನಡತೆ ಸರಿಯಿಲ್ಲ ಅಂತಲೋ ಹೇಳಿದರೆ ದೂರು ಕೊಡೋದಕ್ಕೆ ದಾರಿಯಾಗುತ್ತೆ. ನಿಯಮದ ಬಗ್ಗೆ, ಹುದ್ದೆಯ ಬಗ್ಗೆ, ಕಡತ ಕುಂಟುವ ಬಗ್ಗೆ ಎಷ್ಟು ಬೇಕಾದರೂ ಹಾಡಿ.

ಬಯಲು ರಂಗಮಂದಿರ ಆದರೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ನೆನಪಿರಲಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ. ಭಾಷಣ, ಬಹುಮಾನ ವಿತರಣೆ ಎಲ್ಲ ಮುಗಿದ ಮೇಲೆ ನಿಮ್ಮ ನಾಟಕ ಇಟ್ಟರೆ ಕೊನೆಯ ದೃಶ್ಯದ ಹೊತ್ತಿಗೆ ಮೈಕ್ ಹೋಗುತ್ತೆ. ನಾಟಕ ಮೊದಲು, ಬಹುಮಾನ ಆಮೇಲೆ ಅಂತ ಈಗಲೇ ಬರೆಸಿಕೊಳ್ಳಿ.

ಪ್ರಶ್ನೆ ಕೇಳಿದವಳು

ತುಂಬಾ ಥ್ಯಾಂಕ್ಸ್. ಇನ್ನೊಂದು. ಸ್ಕ್ರಿಪ್ಟ್ ಮೊದಲೇ ವಿಭಾಗದ ಮುಖ್ಯಸ್ಥರಿಗೆ ತೋರಿಸಬೇಕಾ? ನಮ್ಮಲ್ಲಿ ಇದಕ್ಕೇ ಜಗಳ ನಡೀತಿದೆ. ತೋರಿಸಿದರೆ ಕತ್ತರಿ ಹಾಕ್ತಾರೆ ಅಂತ ಅರ್ಧ ಜನ.

ನಾಟಕ ಬರೆದು ಆಡಿಸಿದವರು, ಧಾರವಾಡ

ಕತೆಯ ಸಾರಾಂಶ, ಹಾಡುಗಳ ಪಟ್ಟಿ ಕೊಡಿ, ಸಾಕು. ಪೂರ್ತಿ ಸ್ಕ್ರಿಪ್ಟ್ ಕಾಗದದ ಮೇಲೆ ಓದಿದರೆ ವಿಡಂಬನೆ ಇರೋದಕ್ಕಿಂತ ಖಾರವಾಗಿ ಕಾಣುತ್ತೆ.

ಸಾಂಸ್ಕೃತಿಕ ಸಮಿತಿ ನೋಡಿಕೊಂಡಿದ್ದ ಅಧ್ಯಾಪಕಿ

ಈ ಮಾತು ನಾನು ಒಪ್ಪೋದಿಲ್ಲ. ಪೂರ್ತಿ ತೋರಿಸಿ. ಆದರೆ ಕಾಗದ ಕೊಡಬೇಡಿ, ತಾಲೀಮಿಗೆ ಕರೆಯಿರಿ. ನಮ್ಮಂಥವರಿಗೆ ಹೆದರಿಕೆ ವಿಡಂಬನೆಯದ್ದಲ್ಲ. ಮೇಲಿನಿಂದ ಫೋನ್ ಬಂದಾಗ ‘ನನಗೆ ಗೊತ್ತೇ ಇರಲಿಲ್ಲ’ ಅನ್ನಬೇಕಾಗುತ್ತಲ್ಲ, ಅದರದ್ದು. ಹಾಡಿದ್ದನ್ನು ಕೇಳಿ, ನಾನೂ ನಕ್ಕ ಮೇಲೆ ಮಾರನೇ ದಿನ ನಿಮ್ಮ ಪರವಾಗಿ ಮಾತಾಡೋದು ಸುಲಭ. ಎರಡು ವಾರ ಮುಂಚೆ ಕರೆಯಿರಿ. ಹಿಂದಿನ ದಿನ ಕರೆದರೆ ಒಂದು ಸಾಲಿನ ಸಲುವಾಗಿ ಇಡೀ ದೃಶ್ಯವನ್ನೇ ತೆಗೆಸಬೇಕಾದ ಪರಿಸ್ಥಿತಿ ಬರುತ್ತೆ. ನನ್ನ ಕಣ್ಣೆದುರೇ ಹಾಗೆ ಆಗಿದೆ. ಚೆನ್ನಾದ ಒಂದು ಲಾವಣಿ ಸುಮ್ನೆ ಹೋಯಿತು.

ನಾನು ಕಟ್ಟುನಿಟ್ಟಾಗಿ ಬೇಡ ಅನ್ನೋದು ಇವು. ಒಬ್ಬ ಮೇಷ್ಟ್ರ ನಡಿಗೆ, ಉಗ್ಗು, ಮೈಬಣ್ಣ, ಜಾತಿ. ಅಟೆಂಡರ್, ಅಡುಗೆಯವರು, ಸ್ವಚ್ಛತೆಯವರನ್ನು ಗೇಲಿ ಮಾಡೋದು, ಯಾಕೆಂದರೆ ನಿಯಮ ಅವರು ಮಾಡಿದ್ದಲ್ಲ. ಹುಡುಗನಿಗೆ ಸೀರೆ ಉಡಿಸಿ ಅದೇ ನಗು ಅನ್ನೋದು. ಕಲಬುರಗಿ ಕಡೆಯ ಮಾತನ್ನೋ ಚಾಮರಾಜನಗರದ ಮಾತನ್ನೋ ಪೆದ್ದನ ಪಾತ್ರಕ್ಕೆ ಅಂಟಿಸೋದು. ಆ ಮಾತು ಆಡುವ ಹುಡುಗನಿಗೇ ನಾಯಕನ ಪಾತ್ರ ಕೊಟ್ಟು ನೋಡಿ, ಸಭೆ ಅವನ ಜೊತೆ ನಗುತ್ತೆ.

ವಿಡಂಬನೆಗೂ ಹಾಡಿಗೂ ನಮ್ಮಲ್ಲಿ ಹಳೇ ನಂಟು. ನಾಟಕಕಾರ ಶ್ರೀರಂಗರ ‘ಸತ್ತವರ ನೆರಳು’ ಮಠದ ವ್ಯವಹಾರವನ್ನೇ ವಿಡಂಬಿಸುವ ನಾಟಕ. ಅದನ್ನು ನಿರ್ದೇಶಿಸಿದ ಬಿ.ವಿ. ಕಾರಂತರು ಅದಕ್ಕೆ ದಾಸರ ಪದಗಳನ್ನು ತಂದರು. ಭಕ್ತಿಯ ಪದ, ಅದರ ಪಕ್ಕದಲ್ಲೇ ಮಠದ ರಾಜಕೀಯ. ಎರಡನ್ನೂ ಒಟ್ಟಿಗೆ ಕೇಳಿದಾಗ ಯಾರನ್ನೂ ಹೆಸರು ಹಿಡಿದು ಬೈಯುವ ಅಗತ್ಯವೇ ಬರೋದಿಲ್ಲ. ನಿಮ್ಮ ಹುಡುಗರಿಗೆ ಇದನ್ನು ಹೇಳಿ. ಆಫೀಸಿನ ಸುತ್ತೋಲೆಯನ್ನು ಒಂದಕ್ಷರ ಬದಲಿಸದೆ ಸೋಬಾನೆ ಮಟ್ಟಿಗೆ ಹಾಡಿಸಿ, ಏನಾಗುತ್ತೆ ನೋಡಿ.

ಅಮೆರಿಕದಲ್ಲಿ ಕಾನೂನು ಓದಿದ ಕನ್ನಡಿಗ

ಇಲ್ಲಿನ ಕಾನೂನು ಕಾಲೇಜುಗಳಲ್ಲಿ ‘ಲಾ ರೆವ್ಯೂ’ ಅಂತ ಇದೇ ಕೆಲಸ ವರ್ಷಾ ವರ್ಷ ನಡೆಯುತ್ತೆ. ಪರೀಕ್ಷೆ, ಕೆಲಸದ ಸಂದರ್ಶನ, ಪ್ರೊಫೆಸರ್‌ಗಳ ಬಗ್ಗೆ ಜನಪ್ರಿಯ ಹಾಡುಗಳಿಗೆ ಹೊಸ ಪದ ಹಾಕಿ ವಿದ್ಯಾರ್ಥಿಗಳೇ ಆಡ್ತಾರೆ. ವಿದ್ಯಾರ್ಥಿಗಳೇ ಹಾಡು-ನಾಟಕ ಕಟ್ಟುವ ಸಂಪ್ರದಾಯ ಇಲ್ಲಿ ಹಳೇದು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಟ್ರಯಾಂಗಲ್ ಕ್ಲಬ್ 1891ರದ್ದು, ಕೊಲಂಬಿಯಾ ವಿಶ್ವವಿದ್ಯಾಲಯದ ವಾರ್ಸಿಟಿ ಶೋ 1894ರಿಂದ ಇದೆ. ಅಷ್ಟು ವರ್ಷ ಉಳಿಯೋದಕ್ಕೆ ಒಂದು ಕಾರಣ, ನನಗೆ ಕಂಡ ಹಾಗೆ, ಮುಂದಿನ ಬ್ಯಾಚಿಗೆ ಎಲ್ಲವನ್ನೂ ಬರೆದು ಕೊಡೋದು. ಖರ್ಚಿನ ಲೆಕ್ಕ, ಸೌಂಡ್‌ನವರ ನಂಬರ್, ಯಾವ ಹಾಡು ನಡೀತು, ಯಾವುದು ನಡೀಲಿಲ್ಲ.

ಎರಡು ವಿಷಯ ನಿಮಗೆ ಉಪಯೋಗ ಆಗಬಹುದು. ನಾನಿದ್ದ ತಂಡದಲ್ಲಿ ಹಾಡಿನ ಪದಗಳನ್ನು ಪರದೆಯ ಮೇಲೆ ಹಾಕ್ತಿದ್ದೆವು, ಒಂದೊಂದೇ ಸಾಲು. ಇಡೀ ಚರಣ ಒಮ್ಮೆಲೇ ತೋರಿಸಿದರೆ ಜನ ಓದಿ ಮುಂಚೆಯೇ ನಗ್ತಾರೆ. ಇನ್ನೊಂದು, ಅಧ್ಯಾಪಕರನ್ನೇ ಒಂದು ಚಿಕ್ಕ ಪಾತ್ರಕ್ಕೆ ಕರೆದುಬಿಡೋದು. ತಮ್ಮನ್ನು ತಾವೇ ಅಣಕಿಸಿಕೊಂಡವರಿಗೆ ಮೂಗು ಮುರಿಯೋ ಅವಕಾಶ ಇರೋದಿಲ್ಲ, ವಿದ್ಯಾರ್ಥಿಗಳಿಗೂ ಅವರ ಮೇಲೆ ಪ್ರೀತಿ ಜಾಸ್ತಿ ಆಗುತ್ತೆ.

ರಂಗದ ಹಿಂದೆ ಎಲ್ಲ ನೋಡಿಕೊಂಡವಳು, ಮೈಸೂರು

ಹಾಡು, ಕಾನೂನು ಎಲ್ಲರೂ ಹೇಳಿದರು. ನಾಟಕ ನಿಲ್ಲೋದು ಬೇರೆ ಕಾರಣಕ್ಕೆ. ಲೇಡೀಸ್ ಹಾಸ್ಟೆಲ್ ಗೇಟ್ ಹಾಕುವ ಸಮಯ, ಊರಿಂದ ಓಡಾಡುವವರ ಕೊನೆಯ ಬಸ್ಸು. ತಾಲೀಮಿನ ವೇಳಾಪಟ್ಟಿಯನ್ನು ಈ ಎರಡು ಇಟ್ಟುಕೊಂಡು ಮಾಡಿ. ಬಸ್ ಪಾಸಿನವರ ದೃಶ್ಯಗಳು ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಹಾಸ್ಟೆಲ್‌ನವರದ್ದು ಸಂಜೆ. ವಾರ್ಡನ್‌ಗೆ ವಿಭಾಗದ ಸೀಲ್ ಇರುವ ಪತ್ರ, ಹೆಸರಿನ ಪಟ್ಟಿ ಸಮೇತ, ಮೊದಲ ವಾರವೇ ಹೋಗಲಿ. ಇದು ಮಾಡದಿದ್ದರೆ ಒಳ್ಳೇ ಹಾಡುಗಾರ್ತಿಯರು ಒಬ್ಬೊಬ್ಬರೇ ಬಿಟ್ಟುಹೋಗ್ತಾರೆ, ಆಮೇಲೆ ಆಸಕ್ತಿಯೇ ಇಲ್ಲ ಅಂತ ಅವರನ್ನೇ ದೂರುತ್ತೀರಿ. ಇಂಟರ್ನಲ್ಸ್ ವಾರದಲ್ಲಿ ತಾಲೀಮು ಇಡಲೇಬೇಡಿ. ಪ್ರತಿ ಮುಖ್ಯ ಪಾತ್ರದ ಮಾತು ಇನ್ನೊಬ್ಬರಿಗೆ ಬಾಯಿಪಾಠ ಇರಲಿ, ಜ್ವರ ಹೇಳಿ ಬರೋದಿಲ್ಲ.

ದುಡ್ಡು ಕಮ್ಮಿ ಇದ್ದರೆ ಸೆಟ್‌ನಲ್ಲಿ ಉಳಿಸಿ, ಸೌಂಡ್‌ನಲ್ಲಿ ಬೇಡ. ನಮ್ಮ ಇಡೀ ಸೆಟ್ಟು ಮೂರು ಕಿಟಕಿ ಚೌಕಟ್ಟು, ಅಷ್ಟೇ. ಷರ್ಟಿನ ಮೇಲೆ ಶಾಲು, ಕನ್ನಡಕ ಬದಲಿಸಿದರೆ ಪಾತ್ರ ಬದಲಾಯಿತು. ಹಾಡುವ ಆರೇಳು ಜನರನ್ನು ರಂಗದ ಒಂದು ಬದಿಗೆ ವಾದ್ಯದವರ ಪಕ್ಕ ಕೂರಿಸಿ, ಅವರಿಗೆ ಸ್ಟ್ಯಾಂಡ್ ಮೈಕ್ ಕೊಡಿ. ಕುಣಿಯುವವರು ಕುಣಿಯಲಿ. ಕುಣಿಯುತ್ತಾ ಹಾಡಿಸಿದರೆ ಏದುಸಿರು ಮಾತ್ರ ಕೇಳಿಸುತ್ತೆ. ಸೌಂಡ್‌ನವರಿಗೆ ಸ್ಕ್ರಿಪ್ಟಿನ ಒಂದು ಪ್ರತಿ ಕೊಟ್ಟು, ಯಾವ ಮೈಕ್ ಯಾವಾಗ ಏರಿಸಬೇಕು ಅಂತ ಗುರುತು ಹಾಕಿ, ಅವರ ಪಕ್ಕ ನಿಮ್ಮವರೊಬ್ಬರನ್ನು ಕೂರಿಸಿ. ಹಾರ್ಮೋನಿಯಂನವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ವಾದ್ಯದ ಮೈಕಿನ ಸದ್ದು ಒಂದು ಮಟ್ಟ ಕೆಳಗೇ ಇರಲಿ.

ಆಗುವುದಾದರೆ ಎರಡು ಪ್ರದರ್ಶನ ಇಡಿ. ಮೊದಲನೇದು ಹಾಸ್ಟೆಲ್‌ನವರಿಗೆ ಮಾತ್ರ, ಹಿಂದಿನ ಸಂಜೆ. ಕೊನೇ ಸಾಲಿನಲ್ಲಿ ನಿಮ್ಮವರು ನಾಲ್ಕು ಜನ ಪೆನ್ಸಿಲ್ ಹಿಡಿದು ಕೂತಿರಲಿ. ಕೇಳಿಸದ ಪದದ ಕೆಳಗೆ ಒಂದು ಗೆರೆ, ನಗು ಬಂದ ಕಡೆ ಒಂದು ಚುಕ್ಕೆ. ನಾಲ್ವರೂ ಗೆರೆ ಎಳೆದ ಸಾಲುಗಳನ್ನು ರಾತ್ರಿಯೇ ಕೂತು ಬದಲಿಸಿ, ಬೆಳಿಗ್ಗೆ ಹಾಡುವವರಿಗೆ ಹೇಳಿಕೊಡಿ. ಇನ್ನೇನಾದರೂ ಬೇಕಾದರೆ ಕೇಳಿ. ವಾರ್ಡನ್ ಪತ್ರದ ನಮೂನೆ ನನ್ನ ಹತ್ತಿರ ಇದೆ, ಕಳಿಸ್ತೀನಿ.