ಪದರ ಬಿಟ್ಟ ಫೈಬರ್ ದೋಣಿಗೆ ಎಪಾಕ್ಸಿ: ಮಾಡಿ ನೋಡಿದವರು ಹೇಳಿ

ಮಲ್ಪೆಯಿಂದ:
14 ಅಡಿಯ ಹಳೆಯ ಫೈಬರ್ ಹಾಯಿದೋಣಿ ತಗೊಂಡಿದ್ದೇನೆ. ಅಡಿಭಾಗದಲ್ಲಿ ಅಂಗೈಯಗಲ ಜಾಗ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ. ಫೈಬರ್ ಪದರ ಬಿಟ್ಟಿದೆ ಅಂತಾರೆ. ತೂತು ಕೊರೆದು ಸಿರಿಂಜಿನಲ್ಲಿ ಎಪಾಕ್ಸಿ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು) ತುಂಬಿದರೆ ಸಾಕಾ, ಅಷ್ಟು ಭಾಗ ತೆಗೆದು ಹೊಸದಾಗಿ ಕಟ್ಟಬೇಕಾ?

ಗಂಗೊಳ್ಳಿಯಿಂದ:
ನಮ್ಮದು ಮೀನು ಹಿಡಿಯುವ ಫೈಬರ್ ದೋಣಿ, ಆದರೆ ರೋಗ ಒಂದೇ. ಸಿರಿಂಜಿನ ಆಸೆ ಬಿಡಿ ಮಾರಾಯ್ರೆ. ನಾನೂ ಮೊದಲು ಹಾಗೇ ಮಾಡಿದ್ದೆ. ಪದರದ ನಡುವೆ ನೀರು, ಉಪ್ಪು ಎರಡೂ ಉಳಿದಿತ್ತು. ಎಪಾಕ್ಸಿ ಗಟ್ಟಿಯೇನೋ ಆಯಿತು, ಯಾವ ಪದರಕ್ಕೂ ಅಂಟಲಿಲ್ಲ. ಮರುವರ್ಷ ಗ್ರೈಂಡರ್ ಇಟ್ಟರೆ ಹಪ್ಪಳದ ಹಾಗೆ ಎದ್ದು ಬಂತು.

ಮೊದಲು ನಾಣ್ಯದಿಂದ ತಟ್ಟುತ್ತಾ ಹೋಗಿ. ಗಟ್ಟಿ ಇರುವಲ್ಲಿ ಟಣ್ ಅನ್ನುತ್ತದೆ, ಬಿಟ್ಟಿರುವಲ್ಲಿ ದಬ್ ಅನ್ನುತ್ತದೆ. ಹಲಸಿನಹಣ್ಣು ತಟ್ಟಿ ನೋಡುತ್ತೇವಲ್ಲ, ಹಾಗೆ. ದಬ್ ಅನ್ನುವಲ್ಲೆಲ್ಲ ಪೆನ್ಸಿಲ್ ಗೆರೆ ಹಾಕಿ, ಗಟ್ಟಿ ಫೈಬರ್ ಸಿಗುವ ತನಕ ಗ್ರೈಂಡ್ ಮಾಡಿ ತೆಗೆಯಿರಿ. ಅಂಚನ್ನು ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರು ಮಾಡಿ. 4 ಮಿ.ಮೀ. ದಪ್ಪ ಇದ್ದರೆ ಸುತ್ತ ಸುಮಾರು 5 ಸೆಂ.ಮೀ. ಹೊಸ ಪದರ ಹಿಡಿದು ನಿಲ್ಲುವುದೇ ಆ ಇಳಿಜಾರಿನಲ್ಲಿ, ಅಲ್ಲಿ ಕಂಜೂಸಿ ಬೇಡ.

ಆಮೇಲೆ ಸಿಹಿನೀರಿನಲ್ಲಿ ತೊಳೆದು ಒಣಗಲು ಬಿಡಿ. ಒಣಗಿತಾ ಅಂತ ನೋಡಲು ಒಂದು ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಮರುದಿನ ಒಳಗೆ ಬೆವರಿದ್ದರೆ ಇನ್ನೂ ಕಾಯಬೇಕು. ನಮಗೆ ಮೂರು ವಾರ ಹಿಡಿಯಿತು, ಅದೂ ಫೆಬ್ರವರಿಯ ಬಿಸಿಲಿನಲ್ಲಿ. ಮಳೆಗಾಲದಲ್ಲಿ ಇದಕ್ಕೆ ಕೈ ಹಾಕಲೇಬೇಡಿ.

ಮಂಗಳೂರಿನಿಂದ:
ಒಂದು ಮಾತು ಮಾತ್ರ ಒಪ್ಪಲ್ಲ. ಎಲ್ಲೋ ಬಡಿದು ಆಗಷ್ಟೇ ಬಿಟ್ಟಿರುವ, ನೀರು ಸೇರದ ಚಿಕ್ಕ ಜಾಗಕ್ಕೆ ಸಿರಿಂಜ್ ನಡೆಯುತ್ತದೆ. ನಿಮ್ಮದು ಹಳೆಯ ದೋಣಿ, ಆ ಮಾತು ಬೇರೆ.

ನಾನು ಎಡವಿದ್ದು ಹಾರ್ಡ್‌ನರ್, ಅಂದರೆ ಗಟ್ಟಿಯಾಗಲು ಕಲಸುವ ಎರಡನೇ ದ್ರವದ ವಿಷಯದಲ್ಲಿ. ಫೈಬರ್ ದೋಣಿಗೆ ಮಾಮೂಲಿಯಾಗಿ ಬಳಸುವ ಪಾಲಿಯೆಸ್ಟರ್ ರೆಸಿನ್ ಹಾಕಿ ರೂಢಿಯಾದ ಕೈ, ಬೇಗ ಸೆಟ್ ಆಗಲಿ ಅಂತ ಸ್ವಲ್ಪ ಜಾಸ್ತಿ ಸುರಿದೆ. ಎಪಾಕ್ಸಿಯಲ್ಲಿ ಆ ಆಟ ನಡೆಯಲ್ಲ. ಹೆಚ್ಚಾದದ್ದು ಹಾಗೇ ಉಳಿದು ಪದರವೆಲ್ಲ ಮೆತ್ತಗಾಯಿತು. ತಕ್ಕಡಿ ಇಟ್ಟುಕೊಂಡು ಡಬ್ಬಿ ಮೇಲಿನ ಅಳತೆಯಲ್ಲೇ ಕಲಸಿ. ಕಲಸಿದ್ದನ್ನು ಲೋಟದಲ್ಲೇ ಬಿಟ್ಟರೆ ಬಿಸಿ ಏರಿ ಹೊಗೆ ಬರುತ್ತದೆ. ಅಗಲದ ತಟ್ಟೆಗೆ ಸುರಿದುಕೊಳ್ಳಿ.

ಅಂಗಡಿಯವರು ಮಾಮೂಲಿ ಮ್ಯಾಟ್ (ತುಂಡು ಗ್ಲಾಸ್ ಎಳೆಗಳ ಹಾಳೆ) ಕೊಟ್ಟರೆ ಬೇಡ ಅನ್ನಿ. ಅದರ ಎಳೆಗಳನ್ನು ಹಿಡಿದಿಟ್ಟಿರುವ ಅಂಟು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್‌ಗೆ ಕರಗುತ್ತದೆ, ಎಪಾಕ್ಸಿಗೆ ಕರಗಲ್ಲ. ನೇಯ್ದ ಗ್ಲಾಸ್ ಬಟ್ಟೆಯೇ ಬೇಕು. ಗಟ್ಟಿಯಾದ ಮೇಲೆ ಮೇಣದ ಹಾಗೆ ಜಿಡ್ಡು ಕೂತಿದ್ದರೆ ಮೊದಲು ನೀರು ಹಾಕಿ ಉಜ್ಜಿ ತೊಳೆಯಿರಿ, ಆಮೇಲೆ ಸ್ಯಾಂಡ್‌ಪೇಪರ್. ನಮ್ಮ ಕರಾವಳಿಯ ತೇವಕ್ಕೆ ಈ ಜಿಡ್ಡು ಜಾಸ್ತಿ.

ಕಾರವಾರದಿಂದ:
ಎಪಾಕ್ಸಿಗೆ ಬಿಸಿಲು ಆಗಲ್ಲ, ಪೇಂಟ್ ಆಗಲೇಬೇಕು. ಮಾಮೂಲಿ ಜೆಲ್‌ಕೋಟ್ (ಫೈಬರ್ ದೋಣಿಯ ಹೊರಮೈಯ ನುಣುಪು ಪದರ) ಅದರ ಮೇಲೆ ಸರಿಯಾಗಿ ನಿಲ್ಲಲ್ಲ, ಎರಡು ಡಬ್ಬಿ ಕಲಸುವ ಪಿಯು (ಪಾಲಿಯುರೆಥೇನ್) ಪೇಂಟ್ ಹೊಡೆಯಿರಿ. ಮಾಸ್ಕ್, ಕೈಗವಸು, ತುಂಬುತೋಳಿನ ಅಂಗಿ ಮರೆಯಬೇಡಿ. ನಾನೊಮ್ಮೆ ಬನಿಯನ್‌ನಲ್ಲೇ ಗ್ರೈಂಡರ್ ಹಿಡಿದು ಎರಡು ರಾತ್ರಿ ಕೆರೆದುಕೊಂಡೆ.

ಮಲ್ಪೆಯಿಂದ:
ಸಂಜೆ ಐದು ರೂಪಾಯಿ ನಾಣ್ಯ ಹಿಡಿದು ತಟ್ಟಿ ನೋಡಿದೆ. ಅಂಗೈಯಗಲ ಅಂದುಕೊಂಡಿದ್ದು ಮೊರದಗಲ ಇದೆ. ಸಿರಿಂಜ್ ವಾಪಸ್ ಕೊಟ್ಟು ಗ್ರೈಂಡರ್ ಬಾಡಿಗೆಗೆ ಕೇಳಿ ಬಂದೆ.